ಒಂದು ಆಟದ ಅಳತೆಗೆ ಕಟ್ಟಿದ ಯಂತ್ರ

2025ರ ಮೇ ತಿಂಗಳಿನಲ್ಲಿ, ಸಿ.ಇ.ಟಿ. ಬರೆದು ಫಲಿತಾಂಶವನ್ನು ಎದುರುನೋಡುತ್ತಿದ್ದ ನನ್ನ ತಂಗಿಯ ಮಗನು ತುಮಕೂರಿನಿಂದ ಬೆಂಗಳೂರಿನ ನಮ್ಮ ಮನೆಗೆ ಬಂದು, ಊಟವಾದ ಮೇಲೆ, ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದನ್ನು ನನ್ನ ಮುಂದಿರಿಸಿದನು. ಅದರಲ್ಲಿ ಹನ್ನೊಂದು ಸಾಲುಗಳಿದ್ದವು. ಪ್ರತಿ ಸಾಲಿನ ಎದುರಿಗೂ ಒಂದೊಂದು ಬೆಲೆ. ಕೆಳಗೆ ಎರಡು ಗೆರೆಗಳ ನಡುವೆ ಒಟ್ಟು ಮೊತ್ತ, 86,400 ರೂಪಾಯಿ. ಬಿಡಿಭಾಗಗಳನ್ನು ತಂದು ತನ್ನ ಕೈಯಾರೆ ಕಂಪ್ಯೂಟರೊಂದನ್ನು ಜೋಡಿಸಬೇಕೆಂಬುದು ಅವನ ಎರಡು ವರ್ಷಗಳ ಅಭಿಲಾಷೆ. ಪರೀಕ್ಷೆಗಳು ಮುಗಿಯಲೆಂದು ತಾಯಿ ಅದನ್ನು ಮುಂದೂಡುತ್ತ ಬಂದಿದ್ದಳು. ಈಗ ತಂದೆಯವರು 40,000 ರೂಪಾಯಿಗಳ ಮಿತಿಯನ್ನು ವಿಧಿಸಿ ಅನುಮತಿಯಿತ್ತಿದ್ದರು. ಆ ಮಿತಿಗೂ ಈ ಮೊತ್ತಕ್ಕೂ ನಡುವಣ ಅಂತರವನ್ನು ತುಂಬುವ ಉಪಾಯವೇನಾದರೂ ಉಂಟೇ ಎಂದು ಕೇಳುವುದಕ್ಕೆ, ಮೂವತ್ತೊಂದು ವರ್ಷ ಭೌತಶಾಸ್ತ್ರವನ್ನು ಬೋಧಿಸಿ ನಿವೃತ್ತನಾದ ಮಾವನ ಬಳಿಗೆ ಅವನು ಬಂದಿದ್ದನು.

“ಇದರಲ್ಲಿ ಏನೇನು ಆಟ ಆಡುತ್ತೀಯೆ?” ಎಂದು ಕೇಳಿದೆನು.

“ಒಂದೇ, ಮಾವ. ವ್ಯಾಲರಂಟ್. ನನ್ನ ಫ್ರೆಂಡ್ಸೆಲ್ಲ ಅದನ್ನೇ ಆಡೋದು. ಬೇರೆ ಯಾವುದೂ ಬೇಡ ನನಗೆ.”

ಆ ಉತ್ತರವನ್ನು ಕೇಳಿದೊಡನೆ ನನ್ನ ಮನಸ್ಸು ಹಗುರವಾಯಿತು. ನಮ್ಮ ಊರುಗಳಲ್ಲಿ ರಥವನ್ನು ಕಟ್ಟುವವರು ಮರವನ್ನು ಮುಟ್ಟುವುದಕ್ಕೆ ಮೊದಲು ತೇರುಬೀದಿಯನ್ನು ಅಳೆಯುತ್ತಾರೆ. ಬೀದಿಯ ಅಗಲವೆಷ್ಟು, ತಿರುವು ಎಲ್ಲಿ, ಇಳಿಜಾರು ಎಷ್ಟು ಎಂಬುದು ತಿಳಿದ ಮೇಲೆ ಅಚ್ಚಿನ ಉದ್ದವೂ ಗಾಲಿಯ ಎತ್ತರವೂ ತಾವಾಗಿಯೇ ನಿಶ್ಚಯವಾಗುತ್ತವೆ. ಬಾಲಕನು ತಂದ ಪಟ್ಟಿಯು ಯಾವ ಬೀದಿಯಲ್ಲಾದರೂ ಎಳೆಯಬಹುದಾದ ತೇರಿನ ಪಟ್ಟಿಯಾಗಿದ್ದಿತು. ಇಂದಿನ ಆಟ, ಮುಂದಿನ ವರ್ಷದ ಆಟ, ಇನ್ನೂ ಹುಟ್ಟದಿರುವ ಆಟ, ಇವೆಲ್ಲಕ್ಕೂ ಒದಗಬೇಕೆಂದು ಯಾರೋ ಎಲ್ಲರಿಗೂ ಹೇಳಿದ ಸಲಹೆಯನ್ನು ಅವನು ಶ್ರದ್ಧೆಯಿಂದ ನಕಲು ಮಾಡಿಕೊಂಡಿದ್ದನು. ತನಗೆ ಬೇಕಾದುದು ಒಂದೇ ಬೀದಿ ಎಂಬುದು ಅವನಿಗೆ ತಿಳಿದಿದ್ದರೂ, ಹಾಗೆ ತಿಳಿದಿರುವುದೇ ದೊಡ್ಡ ಬಂಡವಾಳವೆಂಬುದು ಹೊಳೆದಿರಲಿಲ್ಲ.

ಆದುದರಿಂದ ಮೊದಲು ಆಟದ ಸ್ವರೂಪವನ್ನು ವಿಚಾರಿಸಿದೆವು. ವ್ಯಾಲರಂಟ್ ಎಂಬುದು ಅಮೆರಿಕದ ರಯಟ್ ಗೇಮ್ಸ್ ಸಂಸ್ಥೆಯು 2020ರ ಜೂನ್ 2ರಂದು ಪ್ರಕಟಿಸಿದ ಆಟ, ಆಡುವುದಕ್ಕೆ ಶುಲ್ಕವಿಲ್ಲ. ಐವರ ಎದುರಿಗೆ ಐವರು. ಒಂದು ಪಕ್ಷವು ಸ್ಪೈಕ್ ಎಂಬ ಸ್ಫೋಟಕವನ್ನು ನೆಟ್ಟು ಕಾಯಬೇಕು, ಇನ್ನೊಂದು ಅದನ್ನು ತಡೆಯಬೇಕು ಅಥವಾ ಕಳಚಬೇಕು. ಮೊದಲು 13 ಸುತ್ತುಗಳನ್ನು ಗೆದ್ದ ಪಕ್ಷಕ್ಕೆ ಜಯ. ಈ ವಿನ್ಯಾಸದ ವಂಶಮೂಲವು 1999ರಲ್ಲಿ ಹಾಫ್-ಲೈಫ್ ಎಂಬ ಆಟಕ್ಕೆ ಹವ್ಯಾಸಿಗಳು ಮಾಡಿದ ಮಾರ್ಪಾಡಾಗಿ ಜನಿಸಿದ ಕೌಂಟರ್-ಸ್ಟ್ರೈಕ್. ಆ ಹೆಸರು ನನಗೂ ಅಪರಿಚಿತವಲ್ಲ. ಎರಡು ಸಾವಿರದ ದಶಕದಲ್ಲಿ ನಮ್ಮ ಕಾಲೇಜಿನ ಎದುರಿನ ಸೈಬರ್ ಕೆಫೆಯಲ್ಲಿ, ಗಂಟೆಗಿಷ್ಟೆಂದು ಹಣ ತೆತ್ತು, ಪಕ್ಕಪಕ್ಕದ ಪ್ಲೈವುಡ್ ಗೂಡುಗಳಲ್ಲಿ ಕುಳಿತು ನನ್ನ ವಿದ್ಯಾರ್ಥಿಗಳು ಪರಸ್ಪರ ಕೂಗಿಕೊಳ್ಳುತ್ತಿದ್ದ ಧ್ವನಿಯು ತರಗತಿಯವರೆಗೂ ಕೇಳಿಬರುತ್ತಿತ್ತು. ಹಾಜರಿಯ ಪುಸ್ತಕವನ್ನು ಹಿಡಿದು ನಾನೇ ಒಮ್ಮೆ ಅಲ್ಲಿಗೆ ಹೋಗಿದ್ದುದುಂಟು.

ರಯಟ್‌ನವರು ಈ ಆಟವನ್ನು ಸಾಧಾರಣ ಯಂತ್ರಗಳಲ್ಲಿಯೂ ಓಡಬೇಕೆಂಬ ಸಂಕಲ್ಪದಿಂದಲೇ ರಚಿಸಿದರೆಂಬುದು ಅವರು ಪ್ರಕಟಿಸಿದ ಅವಶ್ಯಕತೆಗಳಿಂದ ಸ್ಪಷ್ಟವಾಗುತ್ತದೆ. ಸೆಕೆಂಡಿಗೆ 30 ಚಿತ್ರಗಳ ಕನಿಷ್ಠ ವೇಗಕ್ಕೆ ಇಂಟೆಲ್‌ನ ಹಳೆಯ ಕೋರ್ 2 ಡ್ಯುಯೊ ಇ8400 ಎಂಬ ಪ್ರೊಸೆಸರೂ 4 ಜಿಬಿ ರ‍್ಯಾಮೂ ಸಾಕೆಂದು ಅವರು ಹೇಳಿದ್ದರು. 144ಕ್ಕಿಂತ ಮೇಲಿನ ವೇಗಕ್ಕೂ ಅವರು ಸೂಚಿಸಿದ್ದುದು ಜಿಟಿಎಕ್ಸ್ 1050 ಟಿಐ ಎಂಬ 2016ರ ಅಗ್ಗದ ಗ್ರಾಫಿಕ್ಸ್ ಕಾರ್ಡನ್ನು. ಅದರ ಗೋಡೆಗಳು ಸರಳ, ನೆರಳುಗಳು ಸರಳ, ಬಣ್ಣಗಳು ಸ್ಪಷ್ಟ; ಎದುರಾಳಿಯ ಆಕೃತಿ ಹಿನ್ನೆಲೆಯಲ್ಲಿ ಕರಗಿಹೋಗದೆ ಎದ್ದು ಕಾಣಬೇಕೆಂಬುದೇ ಅಲ್ಲಿನ ಸೌಂದರ್ಯನೀತಿ. ಇಂತಹ ಆಟಕ್ಕಾಗಿ ಬಾಲಕನ ಪಟ್ಟಿಯಲ್ಲಿ 32,000 ರೂಪಾಯಿಗಳ ಗ್ರಾಫಿಕ್ಸ್ ಕಾರ್ಡೊಂದು ಕುಳಿತಿದ್ದಿತು.

ಹಾಗಾದರೆ ಹಣವು ಎಲ್ಲಿಗೆ ಹೋಗಬೇಕು? ಈ ಆಟದಲ್ಲಿ ಸೋಲುಗೆಲುವುಗಳು ನಿರ್ಣಯವಾಗುವುದು ಸೆಕೆಂಡಿನ ಸಣ್ಣ ಸಣ್ಣ ಚೂರುಗಳಲ್ಲಿ. ಆದುದರಿಂದ ಆ ಚೂರುಗಳ ಲೆಕ್ಕವನ್ನೇ ಹಾಕತಕ್ಕದ್ದೆಂದು ನಾನು ಹೇಳಿದೆನು. ಸಾಮಾನ್ಯ ಮಾನಿಟರು 60 ಹರ್ಟ್ಸ್‌ನದು. ಎಂದರೆ ಸೆಕೆಂಡಿಗೆ 60 ಬಾರಿ ಪರದೆಯನ್ನು ಹೊಸದಾಗಿ ಬರೆಯುತ್ತದೆ, ಒಂದು ಚಿತ್ರಕ್ಕೂ ಮುಂದಿನದಕ್ಕೂ ನಡುವೆ ಸುಮಾರು 16.7 ಮಿಲಿಸೆಕೆಂಡು. 144 ಹರ್ಟ್ಸ್‌ನ ಮಾನಿಟರಿನಲ್ಲಿ ಆ ಅಂತರ 7 ಮಿಲಿಸೆಕೆಂಡಿಗೂ ಕೆಳಗೆ ಇಳಿಯುತ್ತದೆ. ರಯಟ್‌ನ ಸರ್ವರು ಸೆಕೆಂಡಿಗೆ 128 ಬಾರಿ ಆಟದ ಸ್ಥಿತಿಯನ್ನು ಲೆಕ್ಕಹಾಕುತ್ತದೆ, ಎಂದರೆ 7.8 ಮಿಲಿಸೆಕೆಂಡಿಗೊಮ್ಮೆ. ಸರ್ವರು ಎರಡು ಬಾರಿ ಸಮಾಚಾರವನ್ನು ಕಳುಹಿಸುವಷ್ಟರಲ್ಲಿ 60 ಹರ್ಟ್ಸ್‌ನ ಪರದೆ ಒಂದೇ ಬಾರಿ ಬದಲಾಗುತ್ತದೆ. 144 ಹರ್ಟ್ಸ್‌ನ ಪರದೆ ಅದರೊಡನೆ ಹೆಜ್ಜೆ ಹಾಕಬಲ್ಲುದು. ಆದುದರಿಂದ, ಬಾಲಕನ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ, “ಅಪ್ಪನ ಆಫೀಸಿನ ಹಳೇದು” ಎಂದು ಬರೆದಿದ್ದ ಮಾನಿಟರಿನ ಸಾಲನ್ನು ಎತ್ತಿ ಎಲ್ಲಕ್ಕಿಂತ ಮೇಲಕ್ಕೆ ಬರೆದೆವು.

ಇನ್ನೊಂದು ಕಾಲಹರಣವು ದಾರಿಯದು. ಭಾರತದ ಆಟಗಾರರಿಗೆ ಸರ್ವರಿರುವುದು ಮುಂಬಯಿಯಲ್ಲಿ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಸಾಗುವುದಾದುದರಿಂದ, ಸಾವಿರ ಕಿಲೋಮೀಟರಿನ ದಾರಿಗೆ ಹೋಗಿಬರುವ ಕಾಲ 10 ಮಿಲಿಸೆಕೆಂಡು. ತಂತುವು ನೇರವಾಗಿ ಹೋಗದೆ ಊರೂರು ಸುತ್ತುವುದರಿಂದಲೂ, ನಡುವೆ ಕೈಬದಲಾಯಿಸುವ ಯಂತ್ರಗಳು ಇರುವುದರಿಂದಲೂ, ತುಮಕೂರಿನ ಆ ಮನೆಯಲ್ಲಿ ನಾವು ಕಂಡ ಪಿಂಗ್, ಎಂದರೆ ಈ ಹೋಗಿಬರುವ ಕಾಲ, 35 ಮಿಲಿಸೆಕೆಂಡಿನ ಆಸುಪಾಸು. ಇದನ್ನು ಯಾವ ಪ್ರೊಸೆಸರೂ ಕಡಿಮೆ ಮಾಡಲಾರದು. ಮೂಲೆಯ ಮರೆಯಲ್ಲಿ ಗುರಿಯಿಟ್ಟು ನಿಂತವನಿಗಿಂತ ಮರೆಯಿಂದ ಹೊರಗೆ ನುಗ್ಗುವವನು ಎದುರಾಳಿಯನ್ನು ಕ್ಷಣಾಂಶ ಮೊದಲೇ ಕಾಣುತ್ತಾನೆ. ಏಕೆಂದರೆ ಅವನು ನುಗ್ಗಿದ ವಾರ್ತೆ ಮುಂಬಯಿಗೆ ಹೋಗಿ ನಿಂತವನ ಪರದೆಗೆ ಬರುವಷ್ಟರಲ್ಲಿ, ನಿಂತವನು ಅವನ ಪರದೆಯಲ್ಲಿ ಆಗಲೇ ಇದ್ದಾನೆ. ಬೇಗ ಚಿತ್ರಿಸುವ ಪರದೆಯೂ ಸ್ಥಿರವಾದ ಜಾಲವೂ ಈ ಅನ್ಯಾಯವನ್ನು ಕುಗ್ಗಿಸುತ್ತವೆ, ನಿರ್ಮೂಲ ಮಾಡಲಾರವು. ವೈಫೈಯಲ್ಲಿ ಪಿಂಗ್ ಒಮ್ಮೆ 35, ಮರುಕ್ಷಣ 90 ಆಗಿ ಜಿಗಿಯುತ್ತಿದ್ದುದನ್ನು ಬಾಲಕನ ಹಳೆಯ ಲ್ಯಾಪ್‌ಟಾಪಿನಲ್ಲಿ ಮೊದಲೇ ಕಂಡಿದ್ದುದರಿಂದ, ನಡುಮನೆಯ ರೌಟರಿನಿಂದ ಬಾಗಿಲಿನ ಚೌಕಟ್ಟಿನ ಮೇಲೆ ಹಾಯಿಸಿ ಅವನ ಕೋಣೆಗೆ 15 ಮೀಟರಿನ ತಂತಿಯನ್ನು ಎಳೆಯುವುದೆಂದು ನಿಶ್ಚಯಿಸಿದೆವು. ಅದಕ್ಕಾದ ವೆಚ್ಚ 300 ರೂಪಾಯಿ; ಇಡೀ ಯಂತ್ರದಲ್ಲಿ ಅಷ್ಟು ಸ್ವಲ್ಪಕ್ಕೆ ಅಷ್ಟು ಪ್ರಯೋಜನವನ್ನಿತ್ತ ಪದಾರ್ಥ ಇನ್ನೊಂದಿಲ್ಲ.

ಉಳಿದುದು ಪ್ರೊಸೆಸರು. ಯಕ್ಷಗಾನದಲ್ಲಿ ಭಾಗವತನು ಪದವನ್ನೆತ್ತಿ ತಾಳ ಕೊಟ್ಟಲ್ಲದೆ ವೇಷವು ಹೆಜ್ಜೆಯಿಡಲಾರದು; ಹಾಗೆಯೇ ಪ್ರತಿಯೊಂದು ಚಿತ್ರಕ್ಕೂ ಹತ್ತು ಜನರು ಎಲ್ಲಿದ್ದಾರೆ, ಯಾರ ಗುಂಡು ಎತ್ತ ಹೋಯಿತು, ಯಾವ ಹೆಜ್ಜೆಯ ಸಪ್ಪಳ ಯಾವ ಕಿವಿಗೆ ಕೇಳಿಸಬೇಕು ಎಂಬುದನ್ನು ಪ್ರೊಸೆಸರು ನಿರ್ಧರಿಸಿಕೊಟ್ಟ ಮೇಲೆಯೇ ಗ್ರಾಫಿಕ್ಸ್ ಭಾಗವು ಬಣ್ಣ ತುಂಬಬೇಕು. ವ್ಯಾಲರಂಟಿನಲ್ಲಿ ಬಣ್ಣದ ಕೆಲಸ ಅಲ್ಪ, ಭಾಗವತಿಕೆಯ ಕೆಲಸ ಅಧಿಕ. ಈ ಕಾರಣದಿಂದ ನಾವು ಆರಿಸಿದುದು ಎಎಂಡಿ ಕಂಪನಿಯ ರೈಜನ್ 5 5600ಜಿ. 2021ರಲ್ಲಿ ಬಂದ ಇದರಲ್ಲಿ ಆರು ಕೋರುಗಳುಂಟು. ಚಿತ್ರ ಬರೆಯುವ ಭಾಗವೂ ಅದೇ ಚಿಪ್ಪಿನೊಳಗೆ ಇರುವುದರಿಂದ ಬೇರೆ ಕಾರ್ಡು ಬೇಕಾಗಿಲ್ಲ. ಅಂಗೈಯ ನಡುವೆ ಅಡಗುವ ಆ ಚೌಕದಲ್ಲಿ 1,070 ಕೋಟಿ ಟ್ರಾನ್ಸಿಸ್ಟರುಗಳಿವೆ. ಟ್ರಾನ್ಸಿಸ್ಟರನ್ನು ಒಂದೊಂದಾಗಿ ಬೆಸೆದು ರೇಡಿಯೋ ಮಾಡಿದ ಕೈಗೆ ಆ ಸಂಖ್ಯೆಯು ಇಂದಿಗೂ ರೋಮಾಂಚನವನ್ನುಂಟುಮಾಡುತ್ತದೆ.

ಇಂತಹ ಪ್ರೊಸೆಸರನ್ನು ಕೊಳ್ಳುವವರು ತಪ್ಪದೆ ತಿಳಿದಿರಬೇಕಾದ ಅಂಶವೊಂದುಂಟು. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಸ್ಮೃತಿಯಿಲ್ಲ. ಅದು ಯಂತ್ರದ ರ‍್ಯಾಮನ್ನೇ ಎರವಲು ಪಡೆಯಬೇಕು. 16 ಜಿಬಿಯ ಒಂದೇ ಪಟ್ಟಿಯನ್ನು ಹಾಕಿದರೆ ಒಂದು ಬಾಗಿಲಿನಿಂದ ಮಾತ್ರ ದತ್ತಾಂಶವು ಬರುತ್ತದೆ. 8 ಜಿಬಿಯ ಎರಡನ್ನು ಹಾಕಿದರೆ ಎರಡು ಬಾಗಿಲುಗಳು ತೆರೆದಂತಾಗಿ, 3200 ವೇಗದ ಡಿಡಿಆರ್4ನಲ್ಲಿ ಸೆಕೆಂಡಿಗೆ 25.6 ಜಿಬಿ ಇದ್ದ ಪ್ರವಾಹವು 51.2 ಆಗುತ್ತದೆ. ಸಾಮರ್ಥ್ಯವೂ ಅಷ್ಟೇ, ಬೆಲೆಯೂ ಬಹುಮಟ್ಟಿಗೆ ಅಷ್ಟೇ. ಆದರೂ ಅಂಗಡಿಯ ಸಿದ್ಧಪಟ್ಟಿಗಳಲ್ಲಿ ರ‍್ಯಾಮಿನ ಒಂದೇ ಪಟ್ಟಿಯನ್ನು ಹಾಕಿ ಕಳುಹಿಸುವ ವಾಡಿಕೆಯನ್ನು ನಾನು ಹಲವೆಡೆ ಕಂಡೆನು. ಕೊಳ್ಳುವವನು ಕೇಳದಿದ್ದರೆ ಅವನಿಗೆ ಈ ನಷ್ಟವು ಎಂದಿಗೂ ತಿಳಿಯುವುದಿಲ್ಲ ಎಂಬುದೇ ನನಗೆ ಖೇದ.

ಮರುದಿನ ಬೆಳಿಗ್ಗೆ ಎಸ್.ಪಿ. ರಸ್ತೆಗೆ ಹೋದೆವು. ಪುರಭವನದ ಹಿಂದಿನ ಆ ಇಕ್ಕಟ್ಟಾದ ಬೀದಿಯನ್ನು ಕಾಣದ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿ ಬೆಂಗಳೂರಿನಲ್ಲಿ ಇರಲಾರನು. ರೆಸಿಸ್ಟರಿನಿಂದ ಸರ್ವರಿನವರೆಗೆ ಅಲ್ಲಿ ದೊರೆಯದ ವಸ್ತುವಿಲ್ಲ. ತಳ್ಳುಗಾಡಿ, ಸ್ಕೂಟರು, ತಲೆಯ ಮೇಲೆ ಮಾನಿಟರಿನ ಪೆಟ್ಟಿಗೆ ಹೊತ್ತ ಕೂಲಿಯಾಳು, ಇವರೆಲ್ಲರ ನಡುವೆ ದಾರಿ ಮಾಡಿಕೊಂಡು ನಡೆಯಬೇಕು. ಮೊದಲ ಅಂಗಡಿಯಲ್ಲಿ ನಮ್ಮ ಹೊಸ ಪಟ್ಟಿಯನ್ನು ನೋಡಿದ ಮಾಲೀಕರು, “ಸರ್, ಗೇಮಿಂಗ್ ಅಂತೀರಿ, ಕಾರ್ಡೇ ಇಲ್ಲವಲ್ಲ? ಹುಡುಗ ಆಮೇಲೆ ಬೇಜಾರು ಮಾಡ್ಕೋತಾನೆ,” ಎಂದು ಕಾರ್ಡೊಂದನ್ನು ತೆಗೆದಿರಿಸಿ, ಅದರ ಬೆಲೆಯನ್ನು ಸರಿದೂಗಿಸಲು, ಯಂತ್ರಕ್ಕೆ ವಿದ್ಯುತ್ತನ್ನು ಒದಗಿಸುವ 650 ರೂಪಾಯಿಗಳ ಎಸ್‌ಎಂಪಿಎಸ್ ಒಂದನ್ನು ಸೂಚಿಸಿದರು. ಅದನ್ನು ಕೈಯಲ್ಲಿ ಹಿಡಿದು ನೋಡಿದೆನು; ಮೈಮೇಲೆ 450 ವ್ಯಾಟ್ ಎಂದು ಅಚ್ಚಾಗಿದ್ದ ಆ ಪೆಟ್ಟಿಗೆ ಖಾಲಿ ಡಬ್ಬಿಯಂತೆ ಹಗುರವಾಗಿದ್ದಿತು. ಒಳಗೆ ತಕ್ಕಷ್ಟು ತಾಮ್ರವೂ ಕೆಪಾಸಿಟರುಗಳೂ ಇಲ್ಲದೆ ವಿದ್ಯುತ್ತನ್ನು ಪಳಗಿಸುವುದು ಹೇಗೆ? ವೋಲ್ಟೇಜು ಏರಿಳಿಯುವ ನಮ್ಮ ಊರುಗಳಲ್ಲಿ ಅಗ್ಗದ ಎಸ್‌ಎಂಪಿಎಸ್ ಒಮ್ಮೆ ಕೈಕೊಟ್ಟರೆ, ತಾನು ಸಾಯುವುದರ ಜೊತೆಗೆ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಬಹುದು. ಎಲ್ಲಿ ಬೇಕಾದರೂ ಉಳಿಸಿರಿ, ಇಲ್ಲಿ ಉಳಿಸಕೂಡದು. ಇದನ್ನು ನಾನು ಹಟದಿಂದಲೇ ಹೇಳುತ್ತೇನೆ.

ಮೂರನೆಯ ಅಂಗಡಿಯ ತರುಣನು ಹಾಳೆಯನ್ನು ಒಮ್ಮೆ ಓದಿ, “ವ್ಯಾಲರಂಟಿಗಾ? ಸಾಕು ಸರ್, ಸರಿಯಾಗಿದೆ,” ಎಂದನು, ಅವನೊಡನೆ ವ್ಯವಹಾರ ಕುದುರಿತು. ಪ್ರೊಸೆಸರಿಗೆ 11,500, ಮದರ್‌ಬೋರ್ಡಿಗೆ 5,400, ಎರಡು ರ‍್ಯಾಮಿಗೆ 3,200, 500 ಜಿಬಿಯ ಎಸ್‌ಎಸ್‌ಡಿಗೆ 2,900, ಅರ್ಧ ಹೊರೆಯಲ್ಲಿ ಕನಿಷ್ಠ ಶೇಕಡ 85ರಷ್ಟು ದಕ್ಷತೆಯನ್ನು ತೋರಬೇಕೆಂಬ 80 ಪ್ಲಸ್ ಬ್ರಾಂಜ್ ಮುದ್ರೆಯುಳ್ಳ ಎಸ್‌ಎಂಪಿಎಸ್‌ಗೆ 3,000, ಕ್ಯಾಬಿನೆಟ್ಟಿಗೆ 2,100, ಇಪ್ಪತ್ತನಾಲ್ಕು ಇಂಚಿನ 144 ಹರ್ಟ್ಸ್ ಮಾನಿಟರಿಗೆ 9,200, ಕೀಬೋರ್ಡು ಮೌಸುಗಳಿಗೆ 1,700. ತಂತಿಯೂ ಸೇರಿ 39,300. ಇದು ಶೇಕಡ 18ರ ಜಿ.ಎಸ್.ಟಿ. ಒಳಗೊಂಡ ಬೆಲೆ. ಬಿಲ್ಲಿಲ್ಲದೆ ಕೊಂಡರೆ ಇನ್ನೂ ಸ್ವಲ್ಪ ಇಳಿಯುವುದೆಂದು ಹೇಳುವವರು ಆ ಬೀದಿಯಲ್ಲಿ ಸಿಗುತ್ತಾರೆ. ಮೂರು ವರ್ಷದ ವಾರಂಟಿಯ ಮಾತು ಬಂದಾಗ ನಿಮ್ಮ ಕೈಯಲ್ಲಿ ಇರಬೇಕಾದುದು ಆ ಬಿಲ್ಲೇ ಎಂಬುದನ್ನು ಮರೆಯಬಾರದು. ಈ ಆಟದ ಕಾವಲು ತಂತ್ರಾಂಶವು ಲಿನಕ್ಸಿನಲ್ಲಿ ನಡೆಯದಾದುದರಿಂದ ವಿಂಡೋಸ್ ಅನಿವಾರ್ಯ. ಅದರ ಪರವಾನಗಿ ನನ್ನ ಉಡುಗೊರೆಯಾಯಿತು. ಇಂದು ಇದೇ ಪಟ್ಟಿಯನ್ನು ಹಿಡಿದು ಹೋಗುವವರು ರ‍್ಯಾಮಿನ ಬೆಲೆಯನ್ನು ಮೊದಲು ವಿಚಾರಿಸತಕ್ಕದ್ದು. ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳಿಗಾಗಿ ಬೇಡಿಕೆ ಉಕ್ಕಿದ ಕಾರಣ ಅದೇ ವರ್ಷದ ಕೊನೆಯ ವೇಳೆಗೆ ಅದು ವಿಪರೀತವಾಗಿ ಏರಿತು.

ಮೆಜೆಸ್ಟಿಕ್ಕಿನಿಂದ ಬಸ್ಸು ಹಿಡಿದು, ಮಾನಿಟರಿನ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ತುಮಕೂರನ್ನು ಸೇರಿದೆವು. ಜೋಡಣೆಯು ನಡೆದುದು ತಂಗಿಯ ಮನೆಯ ಕಾವಿ ನೆಲದ ಮೇಲೆ, ಬರಿಗಾಲಿನಲ್ಲಿ, ಒಗೆದ ಹತ್ತಿಯ ಪಂಚೆಯೊಂದನ್ನು ಹಾಸಿ. ಮೈಯಲ್ಲಿ ಸಂಗ್ರಹವಾಗುವ ಸ್ಥಿರವಿದ್ಯುತ್ತು ಚಿಪ್ಪುಗಳಿಗೆ ಶತ್ರುವಾದುದರಿಂದ, ಯಾವುದನ್ನು ಎತ್ತಿಕೊಳ್ಳುವ ಮುನ್ನವೂ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಬೇಕೆಂದು ಹೇಳಿಕೊಟ್ಟೆನು.

ಪ್ರೊಸೆಸರನ್ನು ಕೂಡಿಸುವ ಕ್ಷಣವನ್ನು ನಾನು ಅವನಿಗೇ ಬಿಟ್ಟೆನು. ಅದರ ಅಡಿಯಲ್ಲಿ 1,331 ಚಿನ್ನದ ಲೇಪದ ಸೂಜಿಗಳಿರುತ್ತವೆ, ಒಂದೊಂದೂ ಬಹಳ ಸಪೂರ; ಒಂದು ಮೂಲೆಯಲ್ಲಿ ಪುಟ್ಟ ತ್ರಿಕೋನದ ಗುರುತು; ಬೋರ್ಡಿನ ಕುಳಿಯಲ್ಲಿಯೂ ಅಂತಹುದೇ ತ್ರಿಕೋನ. ಪಕ್ಕದ ಸನ್ನೆಯನ್ನು ಮೇಲಕ್ಕೆತ್ತಿ, ಎರಡು ಗುರುತುಗಳನ್ನು ಹೊಂದಿಸಿ, ಮೇಲಿನಿಂದ ಇಳಿಬಿಟ್ಟರೆ ಅದು ತನ್ನ ಭಾರಕ್ಕೇ ಕುಳಿತುಕೊಳ್ಳಬೇಕು. ಒತ್ತಿದರೆ ಸೂಜಿ ಬಾಗಿತೆಂದೇ ಅರ್ಥ. ಬಾಲಕನು ಉಸಿರು ಬಿಗಿಹಿಡಿದು, ಎರಡು ಬೆರಳುಗಳ ನಡುವೆ ಅಂಚನ್ನು ಹಿಡಿದು, ಕೆಳಗಿಳಿಸಿ, ಬೆರಳು ತೆಗೆದನು. ಚೌಕವು ಸದ್ದಿಲ್ಲದೆ ಕುಳಿಯೊಳಕ್ಕೆ ಇಳಿಯಿತು. ಸನ್ನೆಯನ್ನು ಕೆಳಗೆ ಒತ್ತಿದಾಗ ಮಾತ್ರ ಒಂದು ಬಿಗಿ ಕೈಗೆ ತಿಳಿಯಿತು. ಪ್ರೊಸೆಸರನ್ನು ತಣಿಸುವ ಫ್ಯಾನಿನ ನಾಲ್ಕು ತಿರುಪುಗಳನ್ನು ಒಂದಾದ ಮೇಲೊಂದರಂತೆ ಪೂರ್ತಿ ಬಿಗಿಯದೆ, ಕರ್ಣಗಳ ಕ್ರಮದಲ್ಲಿ, ಎರಡೆರಡು ಸುತ್ತು ತಿರುಗಿಸುತ್ತ ಹೋದನು. ಹಾಗಲ್ಲದಿದ್ದರೆ ತಳವು ಓರೆಯಾಗಿ ಶಾಖವು ಸಮನಾಗಿ ಹರಿಯದು.

ಎಲ್ಲವೂ ಮುಗಿದು ಗುಂಡಿ ಒತ್ತಿದಾಗ ಫ್ಯಾನು ತಿರುಗಿತು, ದೀಪ ಹೊತ್ತಿತು, ಪರದೆ ಮಾತ್ರ ಕಪ್ಪಾಗಿಯೇ ಉಳಿಯಿತು. ಬಾಲಕನ ಮುಖವು ಬಾಡಿದುದನ್ನು ಕಂಡು ಬಾಗಿಲಲ್ಲಿ ನಿಂತಿದ್ದ ನನ್ನ ತಂಗಿಯು, “ಅಂಗಡಿಯವರ ಕೈಲೇ ಮಾಡಿಸಬಾರದಾಗಿತ್ತಾ, ಅಣ್ಣ?” ಎಂದಳು. ರ‍್ಯಾಮನ್ನು ಪರೀಕ್ಷಿಸಿದೆನು, ಪಟ್ಟಿಯ ಒಂದು ತುದಿಯ ಕೊಂಡಿ ಪೂರ್ತಿ ಮುಚ್ಚಿರಲಿಲ್ಲ. ಪ್ರೊಸೆಸರಿನ ಮೃದುತ್ವವನ್ನೇ ಅವನು ಇಲ್ಲಿಯೂ ಅನುಸರಿಸಿದ್ದನು. ರ‍್ಯಾಮಾದರೋ ಹೆಬ್ಬೆರಳಿನ ಬಲವನ್ನು ಕೇಳುವ ವಸ್ತು. ಎರಡನೆಯ ಮತ್ತು ನಾಲ್ಕನೆಯ ಸಂದುಗಳಲ್ಲಿ, ‘ಟಕ್’ ಎಂಬ ಸದ್ದು ಬರುವವರೆಗೆ ಒತ್ತಿದ ಮೇಲೆ, ಪರದೆಯ ಮೇಲೆ ಬಿಳಿಯ ಅಕ್ಷರಗಳು ಮೂಡಿದವು.

ಯಂತ್ರದ ಮೂಲ ಸೆಟ್ಟಿಂಗುಗಳಿರುವ ಬಯಾಸಿನಲ್ಲಿ ಮಾಡಬೇಕಾದ ಕೆಲಸಗಳು ಎರಡಿದ್ದವು. ರ‍್ಯಾಮು ಸ್ವತಃ ನಿಧಾನದ ವೇಗದಲ್ಲಿಯೇ ಏಳುವುದರಿಂದ ಅದರ ಮೆಮೊರಿ ಪ್ರೊಫೈಲನ್ನು ಆರಿಸಿ 3200ಕ್ಕೆ ಏರಿಸುವುದು ಮೊದಲನೆಯದು. ಎರಡನೆಯದು ಈ ಆಟಕ್ಕೇ ಸಂಬಂಧಿಸಿದುದು: ಮೋಸಗಾರರನ್ನು ತಡೆಯುವ ವ್ಯಾನ್‌ಗಾರ್ಡ್ ಎಂಬ ತಂತ್ರಾಂಶವು ಯಂತ್ರವು ಎಚ್ಚರಗೊಳ್ಳುವಾಗಲೇ ಎದ್ದು ಕುಳಿತುಕೊಳ್ಳುತ್ತದೆ, ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಏರ್ಪಾಡುಗಳೆರಡೂ ಜಾಗೃತವಾಗಿದ್ದಲ್ಲದೆ ಅದು ಆಟಕ್ಕೆ ಬಾಗಿಲು ತೆರೆಯದು. ಮನೆಯ ಯಂತ್ರದ ಅಷ್ಟು ಆಳಕ್ಕೆ ಒಂದು ಆಟದ ಕಾವಲುಗಾರನನ್ನು ಬಿಡುವುದು ಉಚಿತವೇ ಎಂಬ ಪ್ರಶ್ನೆ ನ್ಯಾಯವಾದುದೇ. ಆ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರವನ್ನು ನಡೆಸಕೂಡದೆಂದು ಭಾವನವರಿಗೆ ಹೇಳಿ ಒಪ್ಪಿಸಿದೆನು.

ಇಷ್ಟಾದ ಮೇಲೆಯೂ ಎರಡು ದಿನ ಬಾಲಕನು 60 ಹರ್ಟ್ಸ್‌ನಲ್ಲಿಯೇ ಆಡಿದನೆಂಬುದು ಮೂರನೆಯ ದಿನ ಗೊತ್ತಾಯಿತು. ಮಾನಿಟರು 144ಕ್ಕೆ ಸಮರ್ಥವಾಗಿದ್ದರೂ ವಿಂಡೋಸಿನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ನಾವೇ ಹೋಗಿ ಆ ಸಂಖ್ಯೆಯನ್ನು ಆರಿಸಬೇಕು, ಅದನ್ನು ಮಾಡಿರಲಿಲ್ಲ. ಆರಿಸಿದ ಮೇಲೆ ಅವನು ಮೌಸಿನ ಬಾಣವನ್ನು ಪರದೆಯ ಮೇಲೆ ವೃತ್ತಾಕಾರವಾಗಿ ಆಡಿಸಿದನು. ಮೊದಲು ಚುಕ್ಕೆಚುಕ್ಕೆಯಾಗಿ ಹಾರುತ್ತಿದ್ದ ಬಾಣವು ಈಗ ಎಣ್ಣೆಯ ಧಾರೆಯಂತೆ ಹರಿಯಿತು. ನನ್ನ ಅರವತ್ತು ದಾಟಿದ ಕಣ್ಣಿಗೂ ಆ ವ್ಯತ್ಯಾಸ ಕಾಣಿಸಿತು. ಕಡಿಮೆ ದರ್ಜೆಯ ಚಿತ್ರಣದಲ್ಲಿ ಆಟವು ಸೆಕೆಂಡಿಗೆ 150 ಚಿತ್ರಗಳ ಮೇಲೆಯೇ ಓಡುತ್ತಿತ್ತು. ಅದೇ ವರ್ಷ ಆಟವನ್ನು ಅನ್‌ರಿಯಲ್ ಎಂಜಿನ್ 5 ಎಂಬ ಹೊಸ ತಳಹದಿಗೆ ವರ್ಗಾಯಿಸಿದಾಗ ನಮ್ಮ ಲೆಕ್ಕವೆಲ್ಲಿ ತಪ್ಪುವುದೋ ಎಂದು ನಾನು ಕಳವಳಗೊಂಡಿದ್ದೆನು. ಅವನ ಯಂತ್ರದ ಓಟವೇನೂ ಕುಗ್ಗಲಿಲ್ಲ.

ತಂಗಿಯ ಆತಂಕ ಬೇರೆಯದು. ಆನ್‌ಲೈನ್ ಆಟವೆಂದರೆ ಹಣ ಕಳೆದುಕೊಳ್ಳುವ ಆಟವೆಂದೇ ಅವಳ ಕಿವಿಗೆ ಬಿದ್ದಿದ್ದಿತು. ಆ ಭಯಕ್ಕೆ ಆಧಾರವಿಲ್ಲದೆ ಇಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯಿದೆಯು ಹಣವನ್ನು ಪಣವಾಗಿಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸನ್ನು ಬೇರೆಯಾಗಿ ಗುರುತಿಸಿದಾಗ, ಪತ್ರಿಕೆಯ ಆ ಪುಟವನ್ನು ಅವಳಿಗೆ ಓದಿಹೇಳಿದೆನು. ವ್ಯಾಲರಂಟಿನಲ್ಲಿ ಪಣವಿಲ್ಲ, ಆದರೆ ಬಂದೂಕಿಗೆ ತೊಡಿಸುವ ಅಲಂಕಾರಗಳನ್ನು ಹಣಕ್ಕೆ ಮಾರುತ್ತಾರೆ, ಅವು ಆಟದ ಬಲವನ್ನು ಎಳ್ಳಷ್ಟೂ ಹೆಚ್ಚಿಸುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಅಲಂಕಾರಕ್ಕೆ ಹಣ ಕೇಳುವುದಿಲ್ಲ, ರಾತ್ರಿ ಹತ್ತೂವರೆಯ ಮೇಲೆ ಆಡುವುದಿಲ್ಲ ಎಂದು ಮಗನು ಒಪ್ಪಿಕೊಂಡನು. ಎರಡನೆಯದನ್ನು ಪಾಲಿಸುವುದು ಅವನಿಗೆ ಸುಲಭವಾಗಿಲ್ಲ, ಸುತ್ತಿನ ನಡುವೆ ಎದ್ದುಹೋದರೆ ಉಳಿದ ನಾಲ್ವರಿಗೆ ದ್ರೋಹವಾಗುತ್ತದೆಂಬ ಅವನ ಮಾತಿನಲ್ಲಿಯೂ ಸತ್ಯವಿದೆ. ಈಗ ಒಂಬತ್ತೂವರೆಯ ಮೇಲೆ ಹೊಸ ಪಂದ್ಯವನ್ನು ಆರಂಭಿಸುವುದಿಲ್ಲವೆಂಬ ಒಪ್ಪಂದಕ್ಕೆ ಬಂದಿದ್ದಾರೆ.

ಆಯುಧಪೂಜೆಗೆ ನಾನು ತುಮಕೂರಿನಲ್ಲಿಯೇ ಇದ್ದೆನು. ಹಿಂದಿನ ಸಂಜೆ ಬಾಲಕನು ಕ್ಯಾಬಿನೆಟ್ಟಿನ ಪಕ್ಕದ ಹಲಗೆಯನ್ನು ಕಳಚಿ, ಫ್ಯಾನು ತಿರುಗದಂತೆ ಬೆರಳಿನಿಂದ ತಡೆಹಿಡಿದು, ಮೆತ್ತನೆಯ ಬಣ್ಣದ ಕುಂಚದಿಂದ ಐದು ತಿಂಗಳ ಧೂಳನ್ನು ಒರಸಿದನು. ಒಳಗೆ ಗ್ರಾಫಿಕ್ಸ್ ಕಾರ್ಡಿನ ಉದ್ದನೆಯ ಸಂದು ಖಾಲಿಯಾಗಿಯೇ ಇದ್ದಿತು; ಅದರಲ್ಲಿಯೂ ಧೂಳು ಕುಳಿತಿದ್ದುದನ್ನು ಕಂಡು ಕುಂಚದ ತುದಿಯಿಂದ ಅದನ್ನೂ ಗುಡಿಸಿದನು. ಬೆಳಿಗ್ಗೆ ಭಾವನವರ ಸ್ಕೂಟರಿಗೂ ಹೊಲಿಗೆಯಂತ್ರಕ್ಕೂ ಪೂಜೆಯಾದ ಮೇಲೆ ನನ್ನ ತಂಗಿಯು ತಟ್ಟೆಯನ್ನು ಹಿಡಿದು ಮಗನ ಕೋಣೆಗೆ ಹೋಗಿ, ಪೆಟ್ಟಿಗೆಗೆ ಅರಿಶಿನ ಕುಂಕುಮವನ್ನಿಟ್ಟು, ಸೇವಂತಿಗೆಯ ಒಂದು ಮೊಳವನ್ನು ಅದರ ನೆತ್ತಿಯ ಮೇಲೆ ಇರಿಸಿದಳು. ಅವಳು ಆಚೆಗೆ ಹೋದ ಮೇಲೆ ಬಾಲಕನು ಎದ್ದು ಬಂದು, ಆ ಹೂವನ್ನು ಗಾಳಿಯ ಕಿಂಡಿಯಿಂದ ನಾಲ್ಕು ಬೆರಳು ಈಚೆಗೆ ಸರಿಸಿ, ಗುಂಡಿಯನ್ನೊತ್ತಿದನು.